ಲೆಕ್ಕಕ್ಕಿಲ್ಲದ ಭಾನುವಾರ

ತೆರೆಜಾಳ ಮನೆಯ ಜಗಲಿಯಲ್ಲಿ ಆ ಮಂಗಳವಾರ ಓದು ಓಟದ ಹಾಗೆ ನಡೆದಿತ್ತು. ಮರುದಿನ ಬೂದಿ ಬುಧವಾರ. ಅಲ್ಲಿಂದ ಈಸ್ಟರ್ ಹಬ್ಬದವರೆಗೆ ಕ್ರೈಸ್ತರಿಗೆ ತಪಸ್ಸುಕಾಲ. ಆ ಕಾಲದಲ್ಲಿ ತನಗೆ ಪ್ರಿಯವಾದ ಒಂದನ್ನು ದೇವರಿಗಾಗಿ ಬಿಡುವುದು ತೆರೆಜಾ ಹುಡುಗಿಯಾಗಿದ್ದಾಗಿನಿಂದ ನಡೆಸಿಕೊಂಡು ಬಂದ ಕ್ರಮ. ಒಂದು ವರ್ಷ ಮೀನು ಬಿಟ್ಟಿದ್ದಳು, ಒಂದು ವರ್ಷ ವೀಳ್ಯದೆಲೆ. ಈ ವರ್ಷ ಬಿಡಲು ಹೊರಟದ್ದು ಪತ್ತೇದಾರಿ ಕಾದಂಬರಿಯನ್ನು.

“ಮೀನು ಡಾಕ್ಟರು ಬಿಡಿಸಿ ಆಯ್ತು, ಸಕ್ಕರೆ ಬಿಡಿಸಿ ಆಯ್ತು, ಈಗ ಉಪ್ಪೂ ಇಲ್ಲ. ಇನ್ನು ದೇವರಿಗೆ ಕೊಡ್ಲಿಕ್ಕೆ ನನ್ನ ಹತ್ರ ಎಂತ ಉಂಟು ಮಾರಾಯ್ತಿ? ಈ ಪುಸ್ತಕ ಒಂದೇ,” ಎಂದಳು.

“ಹಾಗಾದ್ರೆ ಇವತ್ತೇ ಮುಗಿಸಿ ಬಾಯಮ್ಮ. ಉಸಿರು ಬಿಡದೆ ಓದಿ,” ಎಂದು ಮೋಹಿನಿ ಮೊರವನ್ನು ಮಡಿಲಿಗೆ ಎಳೆದುಕೊಂಡಳು.

ಇಬ್ಬರೂ ಕುಂಬ್ಡಾಜೆಯ ಒಂದೇ ಗುಡ್ಡದವರು. ತೆರೆಜಾಳ ಮನೆ ಮೇಲೆ, ಮೋಹಿನಿಯದು ಕೆಳಗೆ. ಹರೆಯದಲ್ಲಿ ಬೀಡಿ ಶೆಡ್ಡಿನಲ್ಲಿ ಒಂದೇ ಚಾಪೆಯ ಮೇಲೆ ಕೂತು ಬೀಡಿ ಕಟ್ಟಿದವರು. ಆ ಶೆಡ್ಡಿನಲ್ಲಿ ಒಂದು ಕ್ರಮವಿತ್ತು. ಒಬ್ಬಳು ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ಕೆಲಸ ಮಾಡುವುದು. ಓದುವವಳ ಕೈ ಪುಸ್ತಕದಲ್ಲಿ ಇರುತ್ತದಲ್ಲ, ಅದಕ್ಕಾಗಿ ಸಂಜೆ ಎಲ್ಲರೂ ತಾವು ಕಟ್ಟಿದ್ದರಲ್ಲಿ ಒಂದೊಂದು ಹಿಡಿ ಬೀಡಿಯನ್ನು ಅವಳ ಮೊರಕ್ಕೆ ಹಾಕಬೇಕು. ಕೇಳಿದವರು ಓದಿದವಳ ಕೆಲಸವನ್ನು ಮಾಡಿಕೊಡುವುದು ಅಲ್ಲಿನ ನ್ಯಾಯ. ತೆರೆಜಾಳದ್ದು ಇಗರ್ಜಿಯ, ಅಂದರೆ ಚರ್ಚಿನ, ಗಾಯನದಲ್ಲಿ ಪಳಗಿದ ಕಂಠ. ಹಾಗಾಗಿ ಓದು ಅವಳ ಪಾಲಿಗೇ ಬಂದಿತ್ತು.

ಶೆಡ್ಡು ಮುಚ್ಚಿ ಎಷ್ಟೋ ಕಾಲವಾಯಿತು. ಬೆರಳುಗಳು ಸೆಟೆದುಕೊಂಡ ಮೇಲೆ ತೆರೆಜಾ ಬೀಡಿ ಬಿಟ್ಟಳು. ಮೋಹಿನಿ ಬಿಡಲಿಲ್ಲ. ಮಧ್ಯಾಹ್ನವಾದರೆ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ಎಲ್ಲವನ್ನೂ ಮೊರದಲ್ಲಿಟ್ಟುಕೊಂಡು ಗುಡ್ಡ ಹತ್ತಿ ಬರುವಳು. ತೆರೆಜಾ ಪಂಚಾಯತಿನ ವಾಚನಾಲಯದಿಂದ ತಂದ ಪುಸ್ತಕವನ್ನು ಬಿಡಿಸುವಳು. ಗಡಿನಾಡಿನ ಆ ವಾಚನಾಲಯದಲ್ಲಿ ಕನ್ನಡಕ್ಕಿದ್ದದ್ದು ಒಂದೇ ಕಪಾಟು. ಅದರಲ್ಲಿದ್ದ ಪತ್ತೇದಾರಿ ಪುಸ್ತಕಗಳೆಲ್ಲ ಮುಗಿದು, ಕೆಲವು ಎರಡನೆಯ ಸುತ್ತಿಗೂ ಬಂದಿದ್ದವು.

ಈ ಸಲದ್ದು ಹೊಸತು. ಉದ್ದ ಕೋಟಿನ ಪತ್ತೇದಾರನಾಗಲಿ, ಹೆಣ ಕಂಡು ಮೂರ್ಛೆ ಹೋಗುವ ಹೆಂಗಸಾಗಲಿ ಇದರಲ್ಲಿರಲಿಲ್ಲ. ಹೊಳೆಬದಿಯ ಒಂದು ಊರು. ಅಲ್ಲಿನ ಧನಿ ನಾಗಪ್ಪ ಕಟ್ಟಿಹಾಕಿದ ದೋಣಿಯೊಳಗೆ ಹೆಣವಾಗಿ ಸಿಕ್ಕುತ್ತಾನೆ. ತನಿಖೆಗೆ ಬಂದವಳು ರುಕ್ಮಾವತಿ ಎಂಬ ಇನ್‌ಸ್ಪೆಕ್ಟರ್. ಅವಳಿಗೆ ಮಾತು ಕಡಿಮೆ. ಎದುರಿಗೆ ಕೂತವರು ತಾವಾಗಿ ಸುಳ್ಳು ಹೇಳುವ ತನಕ ಸುಮ್ಮನೆ ಕಾಯುತ್ತಾಳೆ. ಸತ್ತವನ ತಾಯಿ ಗೌರಮ್ಮ. ಎಂಬತ್ತು ದಾಟಿದರೂ ಕೀಲಿಕೈ ಗೊಂಚಲನ್ನು ಸೊಂಟದಿಂದ ಇಳಿಸದವಳು. ಮತ್ತೆ ಜನರನ್ನು ಹೊಳೆ ದಾಟಿಸುವ ಕಾಳಿಂದಿ. ಗಂಡಸರು ಹುಟ್ಟು ಮುಟ್ಟಲು ಅಂಜುವ ನೆರೆಯಲ್ಲೂ ದೋಣಿ ಇಳಿಸುವವಳು.

ತೆರೆಜಾಳಿಗೆ ಕಾಳಿಂದಿಯೆಂದರೆ ಪ್ರಾಣ. ಅವಳ ಹೆಸರು ಬಂದ ಕಡೆ ಓದು ನಿಧಾನವಾಗುತ್ತಿತ್ತು.

“ಈ ಕಾಳಿಂದಿಯ ರಟ್ಟೆ ನೋಡಿದ್ರೆ ನಮ್ಮ ಪೊರ್ಬುಗಳನ್ನು ಒಂದೇ ಕೈಯಲ್ಲಿ ಎತ್ತಿ ಆಚೆ ದಡಕ್ಕೆ ಹಾಕಿಯಾಳು,” ಎಂದಳು ಮೋಹಿನಿ. ಪೊರ್ಬುಗಳು ಎಂದರೆ ತೆರೆಜಾಳ ಗಂಡ ಆಗಸ್ಟಿನ್. ಕೊಂಕಣಿ ಕ್ರೈಸ್ತ ಗಂಡಸರನ್ನು ತುಳುವರು ಹಾಗೆ, ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ವಾಡಿಕೆ.

“ಹಾಕ್ಲಿ, ಹಾಕ್ಲಿ,” ಒಳಗಿನಿಂದ ಆಗಸ್ಟಿನ್ ಕೂಗಿದರು. “ಆಚೆ ದಡದಲ್ಲಾದ್ರೂ ಹೊತ್ತಿಗೆ ಸರಿಯಾಗಿ ಚಹಾ ಸಿಕ್ಕೀತು.”

“ಕೇಳಿದಿಯಾ? ಇಲ್ಲಿ ಒಂದು ಕೊಲೆ ಆಗಿದೆ, ಇವರಿಗೆ ಚಹಾದ ಚಿಂತೆ.” ತೆರೆಜಾ ಕನ್ನಡಕ ಸರಿಮಾಡಿಕೊಂಡಳು. “ನೋಡು ಮೋಹಿನಿ, ಕೊಂದದ್ದು ಗೌರಮ್ಮನೇ. ಬರೆದಿಟ್ಟುಕೊ.”

“ಹೆತ್ತ ತಾಯಿಯಾ? ಛೆ! ಆ ಧನಿಯ ಲೆಕ್ಕ ಬರೆಯುವ ಗುಮಾಸ್ತನೇ ಇರ್ಬೇಕು.”

“ಮಗ ಎಂಥವನು ಅಂತ ತಾಯಿಗಿಂತ ಹೆಚ್ಚು ಯಾರಿಗೆ ಗೊತ್ತುಂಟು? ಆದ್ರೆ ನನ್ನದು ತಪ್ಪಾಗ್ಲಿ ಅಂತ ನನಗೆ ಆಸೆ. ಮೊದಲೇ ಗೊತ್ತಾದ್ರೆ ಅದು ಪುಸ್ತಕವೇ ಅಲ್ಲ. ಕೊನೆಗೆ ನನ್ನನ್ನು ಮಂಗ ಮಾಡ್ಬೇಕು. ಆಗ ಖುಷಿ.”

ಎಷ್ಟು ಓಡಿದರೂ ಹೊತ್ತು ಅವರಿಗಿಂತ ಮುಂದೆ ಓಡಿತು. ಇನ್‌ಸ್ಪೆಕ್ಟರ್ ರುಕ್ಮಾವತಿ ಮಳೆಯಲ್ಲಿ ನೆನೆದುಕೊಂಡು ಕಡವಿನಲ್ಲಿ, ದೋಣಿ ಕಟ್ಟುವ ಕಲ್ಲಿನ ಮೇಲೆ ನಿಂತು, ಕೊಂದವರು ಯಾರೆಂದು ನನಗೆ ತಿಳಿಯಿತು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಲ್ಲಿಗೆ ಇಗರ್ಜಿಯ ಸಂಜೆಯ ಗಂಟೆ ಕೇಳಿತು. ತೆರೆಜಾ ಶಿಲುಬೆಯ ಗುರುತು ಹಾಕಿ ಪುಸ್ತಕ ಮುಚ್ಚಿದಳು.

“ಅಯ್ಯೋ ಬಾಯಮ್ಮ! ಒಂದು ಪುಟ! ಒಂದೇ ಪುಟ!”

“ಇಲ್ಲ. ತೇರ್ಸಿನ ಹೊತ್ತಾಯ್ತು,” ಎಂದು ತೆರೆಜಾ ಮೊರದಿಂದ ಒಂದು ಬೀಡಿ ಎಲೆ ತೆಗೆದು ಪುಟಗಳ ನಡುವೆ ಇಟ್ಟಳು. ತೇರ್ಸ್ ಎಂದರೆ ಅವರ ಮನೆಯಲ್ಲಿ ದಿನವೂ ನಡೆಯುವ ಜಪಮಾಲೆಯ ಪ್ರಾರ್ಥನೆ. “ಇದು ಇಲ್ಲಿದ್ರೆ ಸೈತಾನ ಬಂದು ಪುಟ ಮಗುಚ್ತಾನೆ. ನೀನು ತೆಗೆದುಕೊಂಡು ಹೋಗು. ಹಬ್ಬಕ್ಕೆ ತಾ.”

ಮೋಹಿನಿ ಕೆಲವು ದಿನ ತಡೆದಳು. ಪುಸ್ತಕವನ್ನು ಅಕ್ಕಿ ಡಬ್ಬಿಯ ಮೇಲಿಟ್ಟಳು, ಅಲ್ಲಿಂದ ಕಪಾಟಿನೊಳಗಿಟ್ಟಳು. ಎಲ್ಲಿಟ್ಟರೂ ಆ ಇನ್‌ಸ್ಪೆಕ್ಟರು ಮಳೆಯಲ್ಲಿ ನೆನೆಯುತ್ತ ನಿಂತೇ ಇದ್ದಳು. ಒಂದು ದಿನ ಒಲೆಯ ಮೇಲೆ ಬಂಗುಡೆ ಸಾರು ಇಟ್ಟು, ಒಂದು ಪುಟ ನೋಡಿ ಇಟ್ಟುಬಿಡುತ್ತೇನೆಂದು ಎಲೆ ಇಟ್ಟಲ್ಲಿ ಬಿಡಿಸಿದಳು. ತೆರೆಜಾ ಓದುವಾಗ ಕಥೆ ಕಿವಿಗೆ ಬರುತ್ತಿತ್ತು. ಈಗ ಅದು ತುಟಿಯಲ್ಲೇ ಹುಟ್ಟಿದಂತಾಯಿತು. ಕೈ ಸುಮ್ಮನಿತ್ತು. ಇಷ್ಟು ವರ್ಷ ಕೈ ಸುಮ್ಮನಿಟ್ಟು ಅವಳು ಯಾವ ಸುಖವನ್ನೂ ಉಂಡವಳಲ್ಲ. ಮಗ ಧನರಾಜ್ ಊಟಕ್ಕೆ ಬಂದು ಮೂಗು ಮುಚ್ಚಿಕೊಂಡ.

“ಅಮ್ಮ, ಎಂತ ಸುಟ್ಟ ವಾಸನೆ?”

“ಸ್ವಲ್ಪ ತಡಿ ಮಾರಾಯ. ಇಲ್ಲಿ ಒಬ್ಬಳನ್ನು ಹಿಡಿಯುವ ಹೊತ್ತು.”

ಕೊನೆಯ ಪುಟ ಮುಗಿದಾಗ ಮೋಹಿನಿ ಸೆರಗಿನಿಂದ ಕಣ್ಣೊರಸಿಕೊಂಡು, ಇದನ್ನು ಬಾಯಮ್ಮ ಓದುವ ದಿನ ನಾನು ಎದುರಿಗೆ ಕೂತಿರಬೇಕು, ಅವರ ಮುಖ ನೋಡಬೇಕು ಎಂದುಕೊಂಡಳು.

ಮರುದಿನ ಜಗಲಿ ಹತ್ತುತ್ತಿದ್ದಂತೆಯೇ ತೆರೆಜಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಮುಗಿಸಿದ್ದಿ.”

“ಇಲ್ಲಪ್ಪ! ನಾನು ಮುಟ್ಲಿಲ್ಲ.”

“ನಿನ್ನ ಮೂಗಿನ ತುದಿ ಕೆಂಪಾಗಿ ಉಂಟು. ಹೇಳ್ಬೇಡ! ಒಂದು ಅಕ್ಷರ ಹೇಳ್ಬೇಡ. ನಾಳೆ ನಾನೇ ಕೇಳಿದ್ರೂ ಹೇಳ್ಬಾರದು. ನನ್ನ ಮೇಲೆ ಆಣೆ.”

“ಆಯ್ತು ಬಾಯಮ್ಮ. ದೇವರಾಣೆ, ಹಬ್ಬದ ತನಕ ಹೇಳುದಿಲ್ಲ.”

ಆ ಮೇಲಿನ ಮಧ್ಯಾಹ್ನಗಳಲ್ಲಿ ಜಗಲಿಯಲ್ಲಿ ಕತ್ತರಿಯ ಸದ್ದು ಮಾತ್ರ ಇತ್ತು. ತೆರೆಜಾಳ ಕಾಲು ಬಾತುಕೊಂಡಿತು. ಆ ಬಾವು ಇಳಿಯಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಕೂತೇ ನಿದ್ದೆ ಮಾಡತೊಡಗಿದಳು. ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಹೃದಯ ದಣಿದಿದೆ ಎಂದು ಡಾಕ್ಟರು ಹೇಳಿದರಂತೆ.

ಈಸ್ಟರಿಗೆ ಮೊದಲಿನ ಭಾನುವಾರ, ಅಂದರೆ ಗರಿಗಳ ಭಾನುವಾರ, ಮೋಹಿನಿ ಬಸ್ಸು ಹತ್ತಿ ನೋಡಲು ಹೋದಳು. ಆಗಸ್ಟಿನ್ ಬೆಳಿಗ್ಗೆ ಹತ್ತಿರದ ಇಗರ್ಜಿಯಲ್ಲಿ ಪೂಜೆ ಮುಗಿಸಿ ತಂದ ತೆಂಗಿನ ಎಳೆಗರಿಯನ್ನು ಮಂಚದ ಕಂಬಿಗೆ ಕಟ್ಟಿದ್ದರು. ಮೋಹಿನಿ ಬಂದಳೆಂದು ಅವರು ಚಹಾ ಕುಡಿಯಲು ಕೆಳಗೆ ಹೋದರು. ತೆರೆಜಾ ದಿಂಬುಗಳಿಗೆ ಒರಗಿ ಕೂತಿದ್ದಳು. ಮುಖ ಸಣ್ಣದಾಗಿತ್ತು.

“ಮೋಹಿನಿ, ಹತ್ರ ಬಾ. ಯಾರು ಕೊಂದದ್ದು? ಹೇಳಿಬಿಡು.”

ಮೋಹಿನಿಯ ನಾಲಗೆಯ ತುದಿಗೆ ಹೆಸರು ಬಂತು. ಆದರೆ ಅವಳು ಮದುವೆಯಾದಂದಿನಿಂದ ಏಕಾದಶಿ ಮಾಡಿದವಳು. ಉಪವಾಸದ ದಿನ ಒಂದು ಅಗುಳು ಬಾಯಿಗೆ ಬಿದ್ದರೆ ವ್ರತ ಹೋಯಿತು ಎಂದು ಅವಳಿಗೆ ಗೊತ್ತು. ಇಷ್ಟು ದಿನ ನಡೆಸಿದ್ದನ್ನು, ಅದೂ ಕಾಯಿಲೆಯಲ್ಲಿ, ತನ್ನ ಮಾತಿನಿಂದ ಕೆಡಿಸುವುದೇ? ಆಣೆ ಬೇರೆ ಹಾಕಿಸಿಕೊಂಡಿದ್ದಾರೆ.

“ಇನ್ನು ಒಂದೇ ವಾರ ಬಾಯಮ್ಮ. ಈಗ ಯಾಕೆ ವ್ರತ ಮುರಿಯುದು? ಹಬ್ಬದ ದಿವಸ ಮೊದಲ ಬಸ್ಸಿಗೆ ಬಂದು ನಾನೇ ಓದಿ ಹೇಳ್ತೇನೆ.”

ತೆರೆಜಾ ಏನೋ ಹೇಳಲು ಬಾಯಿ ತೆರೆದಳು. ಮಂಚದ ಗರಿಯನ್ನು ನೋಡಿದಳು, ಮೋಹಿನಿಯ ಮುಖ ನೋಡಿದಳು. ಆಮೇಲೆ ನಕ್ಕುಬಿಟ್ಟಳು.

“ಆಯ್ತು ಮಾರಾಯ್ತಿ. ನೀನು ಆ ರುಕ್ಮಾವತಿಗಿಂತ ಗಟ್ಟಿ.”

ಹಬ್ಬ ಬರುವ ಮೊದಲೇ, ಪವಿತ್ರ ಗುರುವಾರ, ತೆರೆಜಾ ತೀರಿಕೊಂಡಳು. ಶನಿವಾರ ಬೆಳಿಗ್ಗೆ ಊರಿನ ಇಗರ್ಜಿಯ ಹಿಂದೆ ಮಣ್ಣು. ಯೇಸು ಸತ್ತು ಗೋರಿಯಲ್ಲಿರುವ ದಿನಗಳೆಂದು ಆಗ ಇಗರ್ಜಿಯಲ್ಲಿ ಗಂಟೆ ಬಾರಿಸುವುದಿಲ್ಲ, ಪೂಜೆಯೂ ಇಲ್ಲ. ಅಷ್ಟು ವರ್ಷ ಹಾಡಿದ ಹೆಂಗಸು ಗಂಟೆಯ ಒಂದು ಸದ್ದೂ ಇಲ್ಲದೆ ಮಣ್ಣಿಗೆ ಹೋದಳು. ಮೋಹಿನಿ ದೂರ ನಿಂತಿದ್ದು, ಕೊನೆಗೆ ಒಂದು ಹಿಡಿ ಮಣ್ಣು ಹಾಕಿ ಬಂದಳು. ಕಪಾಟಿನಲ್ಲಿ ಪುಸ್ತಕವಿತ್ತು. ಮರುದಿನ ಹಬ್ಬವೂ ಆಯಿತು.

ನಾನು ಆಣೆ ನಡೆಸಿದೆ, ಬಾಯಮ್ಮ ವ್ರತ ಮುರಿಯದೆ ದೇವರ ಹತ್ತಿರ ಹೋದರು ಎಂದು ಮೋಹಿನಿ ಮನಸ್ಸಿಗೆ ಹೇಳಿಕೊಂಡಳು. ಆ ಸಮಾಧಾನ ಏಳನೆಯ ದಿನದ ಪ್ರಾರ್ಥನೆಯವರೆಗೆ ಉಳಿಯಿತು. ಆ ಸಂಜೆ ತೆರೆಜಾಳ ಮಗಳು ಲೀನಾ ಬಂದವರಿಗೆಲ್ಲ ಚಹಾ ಕೊಡುತ್ತ ಮೋಹಿನಿಯ ಪಕ್ಕ ಕೂತಳು. ಅವಳ ಮಕ್ಕಳು ಮಿಠಾಯಿಗೆ ಕೈ ಹಾಕಿ ಜಗಳವಾಡುತ್ತಿದ್ದರು.

“ನೋಡಿ ಆಂಟಿ, ತಪಸ್ಸುಕಾಲದಲ್ಲಿ ಚಾಕಲೇಟ್ ಬಿಡ್ತೇವೆ ಅಂತ ಅಜ್ಜಿಗೆ ಮಾತು ಕೊಟ್ಟಿದ್ರು. ಭಾನುವಾರ ಬಂತೆಂದ್ರೆ ವಾರದ್ದೆಲ್ಲ ಸೇರಿಸಿ ತಿನ್ನುದು.”

“ಭಾನುವಾರ ತಿನ್ಲಿಕ್ಕೆ ಆಗ್ತದಾ?”

“ಭಾನುವಾರ ಲೆಕ್ಕಕ್ಕಿಲ್ಲ ಅಲ್ವಾ. ಯೇಸು ಎದ್ದ ದಿವಸ, ಅದು ಹಬ್ಬವೇ. ಕೆಲವರು ಅವತ್ತೂ ಬಿಡ್ತಾರೆ. ಆದ್ರೆ ಅಮ್ಮ ಮೀನು ಬಿಟ್ಟ ವರ್ಷ ಭಾನುವಾರ ಮೀನು ಮಾಡ್ತಿದ್ರು. ನಿಮಗೆ ಗೊತ್ತಿಲ್ವಾ?”

ಮೋಹಿನಿಗೆ ಗೊತ್ತಿರಲಿಲ್ಲ. ಭಾನುವಾರ ಪೂಜೆ, ನೆಂಟರು ಎಂದು ಆ ಮನೆಯಲ್ಲಿ ಗಡಿಬಿಡಿ. ಆ ಒಂದು ದಿನ ಅವಳು ಗುಡ್ಡ ಹತ್ತುತ್ತಿರಲಿಲ್ಲ. ಚಹಾದ ಗ್ಲಾಸನ್ನು ನೆಲಕ್ಕಿಟ್ಟು ಹೇಳದೆ ಎದ್ದು ಬಂದಳು. ಬಾಯಮ್ಮ ಕೇಳಿದ್ದು ಭಾನುವಾರ. ಕೇಳುವ ಹಕ್ಕಿದ್ದ ದಿನವೇ ಕೇಳಿದ್ದರು. ಸಾಯುವವಳು ಒಂದು ಹೆಸರು ಕೇಳಿದಳು. ನಾನು ಅವಳಿಗೇ ವ್ರತದ ಪಾಠ ಹೇಳಿದೆ.

ಅಂದಿನಿಂದ ಅವಳು ಮೇಲಿನ ಮನೆಯ ಕಡೆ ಹೋಗಲಿಲ್ಲ. ಪುಸ್ತಕವನ್ನು ವಾಚನಾಲಯಕ್ಕೆ ಕೊಡಲೂ ಇಲ್ಲ. ಅಗಲ್ಪಾಡಿಯ ದೇವಸ್ಥಾನಕ್ಕೆ ಹೋಗಿ ದೀಪಕ್ಕೆ ಎಣ್ಣೆ ಕೊಟ್ಟು ಕೈ ಮುಗಿದು ನಿಂತಳು. ಏನೆಂದು ಬೇಡುವುದು? ಸತ್ತವಳಿಗೆ ಒಂದು ಕಾದಂಬರಿಯ ಕೊನೆ ತಿಳಿಸಿಬಿಡು ತಾಯಿ ಎಂದು ಯಾರಾದರೂ ದೇವರಲ್ಲಿ ಕೇಳುತ್ತಾರೆಯೆ? ಬೇಡದೆ ಹಿಂದೆ ಬಂದಳು. ಮೊರದ ಮುಂದೆ ಕೂತರೆ ಬೆರಳು ತಾವಾಗಿ ಕಟ್ಟುತ್ತಿದ್ದವು. ಕಿವಿ ಮಾತ್ರ ಕಾಯುತ್ತಿತ್ತು.

ತೀರಿಕೊಂಡ ತಿಂಗಳಿಗೆ ಇಡುವ ಪೂಜೆಗೆ ಹೋಗದಿರಲು ಆಗಲಿಲ್ಲ. ಅಂದು ಗಂಟೆ ಬಾರಿಸಿದರು. ಪೂಜೆಯ ನಂತರ ಎಲ್ಲರೂ ಗೋರಿಗೆ ಹೋಗಿ ಮೇಣದಬತ್ತಿ ಹಚ್ಚಿ ಚದುರಿದರು. ಆಗಸ್ಟಿನ್ ಮೋಹಿನಿಯ ಹತ್ತಿರ ಬಂದರು. ಅಂಗಿಯ ಕೊರಳು ಅವರಿಗೆ ದೊಡ್ಡದಾಗಿತ್ತು.

“ಮೋಹಿನಿಯಕ್ಕ, ನಾಳೆ ಮಧ್ಯಾಹ್ನ ಬನ್ನಿ. ಪುಸ್ತಕ ತನ್ನಿ. ಮೊರವೂ ತನ್ನಿ, ಎಂದಿನ ಹಾಗೆ.”

ಮರುದಿನ ಅವಳು ಗುಡ್ಡ ಹತ್ತಿದಳು. ಜಗಲಿಯಲ್ಲಿ ಚಾಪೆ ಹಾಸಿತ್ತು. ತೆರೆಜಾ ಕೂರುತ್ತಿದ್ದ ಕುರ್ಚಿಯನ್ನು ಅವರು ಬದಿಗೆ ಸರಿಸಿರಲಿಲ್ಲ. ಮೋಹಿನಿ ಮೊರ ಕೆಳಗಿಟ್ಟು, ಕೂರುವ ಮೊದಲೇ ಹೇಳಿದಳು.

“ಪೊರ್ಬುಗಳೇ, ಅವರು ಆಸ್ಪತ್ರೆಯಲ್ಲಿ ಕೇಳಿದ್ರು. ನಾನು ಹೇಳ್ಲಿಲ್ಲ. ಭಾನುವಾರ ಲೆಕ್ಕಕ್ಕಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ.”

“ಗೊತ್ತುಂಟು. ಅವತ್ತು ಸಂಜೆ ನನ್ನ ಹತ್ರ ಹೇಳಿದ್ಲು.”

“ಎಂತ ಹೇಳಿದ್ರು?”

ಆಗಸ್ಟಿನ್ ಅಂಗಳದ ಕಡೆ ನೋಡಿದರು. “‘ಇವತ್ತು ಭಾನುವಾರ ಅಂತ ಹೇಳ್ಲಿಕ್ಕೆ ಹೊರಟೆ. ಆದ್ರೆ ಮೋಹಿನಿ ನನ್ನ ವ್ರತವನ್ನು ನನಗಿಂತ ಗಟ್ಟಿ ಹಿಡ್ಕೊಂಡು ಕೂತಿದ್ಲು. ಕೈ ಬಿಡಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ’ ಅಂದ್ಲು. ತುಂಬ ನಗಾಡಿದ್ಲು. ಉಸಿರು ಕಟ್ಟಿ ನರ್ಸು ಬಂದು ಬೈದ್ರು.”

ಮೋಹಿನಿ ಚಾಪೆಯ ಮೇಲೆ ಕೂತಳು. ಬಹಳ ಹೊತ್ತು ಅತ್ತಳು. ಆಗಸ್ಟಿನ್ ತಡೆಯಲಿಲ್ಲ.

“ಹಾಗಾದ್ರೂ ಅವರಿಗೆ ಗೊತ್ತಾಗ್ಲಿಲ್ಲ ಅಲ್ವಾ ಪೊರ್ಬುಗಳೇ,” ಎಂದಳು ಕೊನೆಗೆ.

“ಇಲ್ಲ. ಗೊತ್ತಾಗ್ಲಿಲ್ಲ,” ಎಂದರು ಅವರು.

ಒಳಗಿನಿಂದ ಇನ್ನೊಂದು ಕುರ್ಚಿ ತಂದು ಅವಳೆದುರು ಕೂತರು. “ಸತ್ತವರ ಹೆಸರಲ್ಲಿ ನಾವು ಪೂಜೆ ಇಡ್ತೇವೆ, ಪ್ರಾರ್ಥನೆ ಮಾಡ್ತೇವೆ. ಅವರಿಗೆ ಮಾಡ್ಲಿಕ್ಕೆ ಆಗದ್ದನ್ನು ನಾವು ಇಲ್ಲಿ ಮಾಡಿದ್ರೆ ಅಲ್ಲಿ ಅವರಿಗೆ ಮುಟ್ತದೆ ಅಂತ ನಂಬಿಕೆ. ಪ್ರಾರ್ಥನೆ ಮುಟ್ಟುದಾದ್ರೆ ಇದು ಯಾಕೆ ಮುಟ್ಟಬಾರದು? ನೀವು ಓದಿ. ಅವಳ ಬದಲಿಗೆ ನಾನು ಕೇಳ್ತೇನೆ.”

“ಪಾದ್ರಿಯವರು ಎಂತ ಹೇಳ್ತಾರೆ?”

“ಕೇಳ್ಲಿಲ್ಲ. ಬೇಡ ಅಂದ್ರೆ ಎಂತ ಮಾಡುದು?”

ಮೋಹಿನಿ ಪುಸ್ತಕ ಬಿಡಿಸಿದಳು. ಬೀಡಿ ಎಲೆ ಒಣಗಿ ಗರಿಗರಿಯಾಗಿತ್ತು. ಅದನ್ನು ಮೊರದ ಅಂಚಿಗಿಟ್ಟು ಅಲ್ಲಿಂದಲೇ ಶುರುಮಾಡಿದಳು. ಗಟ್ಟಿಯಾಗಿ ಓದಿ ಅಭ್ಯಾಸವಿಲ್ಲ. ಮೊದಮೊದಲು ಸ್ವರ ಒಡೆಯಿತು. ಮೆಲ್ಲಮೆಲ್ಲನೆ ಕಥೆಯೇ ಅವಳನ್ನು ಎಳೆದುಕೊಂಡು ಹೋಯಿತು. ರುಕ್ಮಾವತಿ ಗೌರಮ್ಮನ ಮನೆಗೆ ಹೋದಳು. ಮುದುಕಿ ಕೀಲಿಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ನನ್ನ ಮಗನನ್ನು ಕೊಂದದ್ದು ನಾನೇ ಎಂದಳು.

“ನೋಡಿ! ಅವಳು ಹೇಳಿದ್ದೇ ಸರಿ,” ಎಂದು ಆಗಸ್ಟಿನ್ ಕುರ್ಚಿಯ ತೋಳು ತಟ್ಟಿದರು.

“ಸುಮ್ಮನಿರಿ. ಮುಂದೆ ಉಂಟು.”

ರುಕ್ಮಾವತಿ ಮುದುಕಿಯ ಎದುರು ಸುಮ್ಮನೆ ಕೂತು ಕಾದಳು. ಆಮೇಲೆ, ನೀವು ಯಾರನ್ನು ಉಳಿಸಲು ಈ ಸುಳ್ಳು ಹೇಳುತ್ತಿದ್ದೀರೆಂದು ನನಗೆ ಗೊತ್ತು ಎಂದಳು. ಅಲ್ಲಿಂದ ಎದ್ದು ಮಳೆಯಲ್ಲಿ ಕಡವಿಗೆ ಬಂದಳು. ಕಾಳಿಂದಿ ದೋಣಿಯ ನೀರು ಮೊಗೆಯುತ್ತಿದ್ದವಳು ತಲೆಯೆತ್ತಿ, ಬಂದಿರಾ ಎಂದಳು. ತನ್ನ ಮಗಳಿಗೆ ನಾಗಪ್ಪ ಮಾಡಿದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು. ದೋಣಿಯ ಹುಟ್ಟಿನಿಂದ ಹೊಡೆದೆ, ಒಂದೇ ಏಟು ಎಂದಳು.

“ಕಾಳಿಂದಿಯಾ?” ಆಗಸ್ಟಿನ್ ಎದ್ದು ನಿಂತರು. “ಅವಳ ಕಾಳಿಂದಿಯಾ?”

“ಹೌದು ಪೊರ್ಬುಗಳೇ.”

“ಮಂಗ ಮಾಡಿದ್ರಲ್ಲ ಅವಳನ್ನು!” ಅವರು ನಕ್ಕರು. ನಗು ತಡೆಯಲಾಗದೆ ಕಂಬ ಹಿಡಿದುಕೊಂಡರು. “ಪೂರಾ ಮಂಗ ಮಾಡಿದ್ರು! ಎಷ್ಟು ಖುಷಿಯಾಗ್ತಿತ್ತು ಅವಳಿಗೆ...” ಎನ್ನುತ್ತ ಮುಖವನ್ನು ತೋಳಿನಿಂದ ಒರಸಿಕೊಂಡರು. “ಓದಿ. ನಿಲ್ಲಿಸ್ಬೇಡಿ.”

ಮೋಹಿನಿ ಓದಿದಳು. ಪೊಲೀಸು ಠಾಣೆ ಹೊಳೆಯ ಆಚೆ ದಡದಲ್ಲಿ. ನೆರೆ ಏರಿದೆ. ಆ ನೀರಿನಲ್ಲಿ ದೋಣಿ ನಡೆಸಬಲ್ಲವಳು ಊರಿನಲ್ಲಿ ಒಬ್ಬಳೇ. ರುಕ್ಮಾವತಿ ಬೇಡಿ ಹಾಕದೆ ದೋಣಿಯ ನಡುವೆ ಕೂತಳು. ಕಾಳಿಂದಿ ತಾನೇ ಹುಟ್ಟು ಹಾಕುತ್ತ ತನ್ನನ್ನು ತಾನೇ ದಾಟಿಸತೊಡಗಿದಳು. ಈ ದಡದಲ್ಲಿ ಎಂಬತ್ತರ ಮುದುಕಿ ಕೊಡೆ ಹಿಡಿದು, ದೋಣಿ ಕಣ್ಣಿಗೆ ಕಾಣುವವರೆಗೆ ನಿಂತಿದ್ದಳು.

ನಡುವೆ ಒಮ್ಮೆ ಮೋಹಿನಿಗೆ ಕಣ್ಣು ಮಂಜಾಯಿತು. ಒರಸಿಕೊಳ್ಳಲು ತಲೆಯೆತ್ತಿದವಳು ನೋಡುತ್ತಾಳೆ, ಆಗಸ್ಟಿನ್ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತು ಅವಳ ಮೊರವನ್ನು ತನ್ನ ಮಡಿಲಿಗೆ ಎಳೆದುಕೊಂಡಿದ್ದಾರೆ. ಕತ್ತರಿಸಿಟ್ಟ ಎಲೆಯ ಮೇಲೆ ಹುಡಿ ಹಾಕಿ ಸುರುಟಲು ನೋಡುತ್ತಿದ್ದಾರೆ. ಜೀವಮಾನದಲ್ಲಿ ಬೀಡಿ ಕಟ್ಟಿದವರಲ್ಲ. ಹುಡಿ ಮೊಣಕಾಲಿಗೆಲ್ಲ ಚೆಲ್ಲಿತ್ತು, ನೂಲು ಬೆರಳಿಗೆ ಸುತ್ತಿಕೊಂಡಿತ್ತು.

“ಎಂತ ಮಾಡ್ತಿದ್ದೀರಿ ಪೊರ್ಬುಗಳೇ?”

“ಕೇಳುವವರು ಓದುವವಳ ಕೆಲಸ ಮಾಡಿಕೊಡ್ಬೇಕಂತೆ. ಅವಳು ಹೇಳ್ತಿದ್ಲು,” ಎಂದರು ಅವರು, ತಲೆಯೆತ್ತದೆ. “ಇವತ್ತು ಕೇಳುವವ ನಾನಲ್ವಾ.”

ಮೋಹಿನಿ ಕೊನೆಯ ಪುಟ ಓದಿದಳು. ದೋಣಿ ಆಚೆ ದಡ ಮುಟ್ಟಿತು. ಸಂಜೆಯ ಗಂಟೆ ಕೇಳಿತು. ಆಗಸ್ಟಿನ್ ತೇರ್ಸಿಗೆಂದು ಒಳಗೆ ಹೋದರು.

ಸೊಟ್ಟಗೆ, ಸಡಿಲಾಗಿ, ಒಂದು ದಪ್ಪ ಒಂದು ತೆಳು, ಒಂದು ಸಣ್ಣ ಹಿಡಿಯಷ್ಟು ಬೀಡಿ ಮೊರದಲ್ಲಿತ್ತು. ಯಾವ ಕಂಪೆನಿಯವರೂ ಅದನ್ನು ಮುಟ್ಟುವಂತಿರಲಿಲ್ಲ. ಮೋಹಿನಿ ಅದನ್ನು ತನ್ನ ಬೀಡಿಗಳ ಜೊತೆ ಸೇರಿಸಲಿಲ್ಲ. ಕೆಂಪು ನೂಲಿನಿಂದ ಒಂದು ಕಟ್ಟು ಮಾಡಿ, ತೆರೆಜಾ ಕೂರುತ್ತಿದ್ದ ಕುರ್ಚಿಯ ಮೇಲಿಟ್ಟು, ಗುಡ್ಡ ಇಳಿದಳು.